ಗಂಟಕ್ಕ ಎತ್ತಿಟ್ಟ ಹತ್ತು ನಿಮಿಷ

ಆಕೆಯನ್ನು ನಮ್ಮ ಆಸ್ಪತ್ರೆಯಲ್ಲಿ ಕೆಲವರು ಎದುರಿಗೇ ಗಂಟಕ್ಕ ಎಂದು ಕರೆಯುತ್ತಿದ್ದರು, ಕೆಲವರು ಬೆನ್ನ ಹಿಂದೆ. ಆಕೆಗೆ ಎರಡೂ ಒಂದೇ. ಗಂಟುಮೋರೆಯಿಂದಾಗಿ ಆ ಹೆಸರು ಬಂದಿರಬೇಕು ಎಂದು ಹೊಸಬರು ತಿಳಿಯುತ್ತಿದ್ದರು. ಮೋರೆ ಹಾಗಿದ್ದದ್ದೂ ಸುಳ್ಳಲ್ಲ. ಆದರೆ ನಿಜವಾದ ಕಾರಣ ಆಕೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಒಂದು ಮಾತು: "ಗಂಟು ಬಿಚ್ಚಬೇಡ್ರಪ್ಪ." ಕಂಪ್ಯೂಟರಿನೊಳಗೆ ಎಲ್ಲಿಯ ಗಂಟು ಎಂದು ನಕ್ಕವರಲ್ಲಿ ನಾನೇ ಮೊದಲಿಗಳು. ನಗುವ ವಿಷಯ ಬಂದರೆ ನಾನು ಯಾರಿಗೂ ಸರದಿ ಬಿಟ್ಟುಕೊಡುವವಳಲ್ಲ.

ನಾನು ಅದೇ ಆಸ್ಪತ್ರೆಯ ಆಂಬುಲೆನ್ಸ್ ಕೋಣೆಯಲ್ಲಿ ಫೋನ್ ತೆಗೆಯುವವಳು. ನೆಲಮಹಡಿಯಲ್ಲಿ ನಾಲ್ಕು ಮೇಜು, ನಾಲ್ಕು ಸ್ಕ್ರೀನು, ನಾಲ್ಕು ಜನ ಹೆಂಗಸರು. ಕರೆ ಬಂದರೆ ವಿಳಾಸ ಕೇಳಿ, ಟೈಪು ಮಾಡಿ, 'ಕಳುಹಿಸು' ಒತ್ತಬೇಕು. ಒತ್ತಿದ ಕೂಡಲೇ ನಮ್ಮ ಸ್ಕ್ರೀನು ಖಾಲಿಯಾಗಿ ಮುಂದಿನ ಕರೆಗೆ ಸಿದ್ಧವಾಗುತ್ತದೆ. ಆದೇಶ ಸರ್ವರಿಗೆ ಹೋಗುತ್ತದೆ, ಸರ್ವರು ಅದನ್ನು ಬರೆದುಕೊಳ್ಳುತ್ತದೆ, ಆಮೇಲೆ ಹಿತ್ತಲ ಕಟ್ಟಡದಲ್ಲಿರುವ ಚಾಲಕರ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಆ ಗಂಟೆ ನಮಗೆ ಕೇಳಿಸುವುದಿಲ್ಲ.

ಗಂಟಕ್ಕನ ಕೋಣೆ ಮೂರನೆಯ ಮಹಡಿಯಲ್ಲಿ, ಹಾಸಿಗೆಬಟ್ಟೆ ಇಡುವ ಕೋಣೆಗೂ ಸರ್ವರ್ ಕೋಣೆಗೂ ನಡುವೆ. ಕಿಟಕಿಯಿಲ್ಲ. ಸರ್ವರುಗಳಿಗೆಂದು ಹಾಕಿದ ಎ.ಸಿ.ಯ ಚಳಿ ಗೋಡೆ ದಾಟಿ ಬರುತ್ತಿತ್ತು. ಹಾಗಾಗಿ ಆಕೆ ವರ್ಷವಿಡೀ ಕಂದು ಬಣ್ಣದ ಸ್ವೆಟರು ತೊಟ್ಟು, ಮೊಣಕಾಲಿನ ಮೇಲೆ ಆಸ್ಪತ್ರೆಯದೇ ಒಂದು ಕಂಬಳಿ ಹೊದ್ದು ಕೂರುತ್ತಿದ್ದಳು. ಇಪ್ಪತ್ತೆರಡನೆಯ ವಯಸ್ಸಿಗೆ ಸೇರಿದ್ದು ಕಾಗದದ ದಾಖಲೆ ಕೋಣೆಗೆ. ರೋಗಿಗಳ ಕಡತಗಳನ್ನು ಬಿಳಿ ಪಟ್ಟಿಯಿಂದ ಕಟ್ಟಿ, ಬೀರುವಿಗೆ ಏರಿಸಿ, ಕೇಳಿದಾಗ ಇಳಿಸಿ ಕೊಡುವ ಕೆಲಸ. ಕಾಗದದ ಕಾಲ ಮುಗಿದಾಗ ಉಳಿದವರನ್ನು ಅಲ್ಲಿ ಇಲ್ಲಿ ಹಂಚಿದರು. ಈಕೆಯನ್ನು ಮಾತ್ರ ಎಲ್ಲಿಗೂ ಯಾರೂ ಬೇಕೆನ್ನಲಿಲ್ಲ. "ಸರ್ವರ್ ಕೋಣೆ ಹೊರಗೆ ಕೂತ್ಕೊಳ್ಳಿ, ಫೋನ್ ಬಂದ್ರೆ ತೆಗೀರಿ" ಎಂದರಂತೆ. ಫೋನ್ ದಿನಕ್ಕೆ ಎರಡು ಬರುತ್ತಿತ್ತು. ಉಳಿದ ಹೊತ್ತಿನಲ್ಲಿ ಆಕೆ ಅಲ್ಲಿಯವರ ಬೆನ್ನ ಹಿಂದೆ ನಿಂತು ಕಪ್ಪು ಸ್ಕ್ರೀನಿನ ಮೇಲೆ ಅವರು ಟೈಪು ಮಾಡುತ್ತಿದ್ದ ಕಮಾಂಡುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡಳು. ಎದುರಿಗೆ ತನ್ನದೇ ಭಾಷೆಯಲ್ಲಿ ಅರ್ಥ: 'ಇದು ಎತ್ತಿಡುವುದು', 'ಇದು ಇಣುಕಿ ನೋಡುವುದು', 'ಇದು ಅಪಾಯ, ಎರಡು ಸಲ ಯೋಚಿಸು'.

ಸರ್ವರುಗಳು ನಿಮಿಷಕ್ಕೊಮ್ಮೆ ತಮ್ಮ ಕಷ್ಟಸುಖ ತಾವೇ ಬರೆದಿಡುತ್ತವೆ. ತಲೆಗೆ ಎಷ್ಟು ಕೆಲಸ, ಡಿಸ್ಕಿನ ಮುಂದೆ ಎಷ್ಟು ಹೊತ್ತು ಕಾಯಬೇಕಾಯಿತು, ಸರದಿಯಲ್ಲಿ ಎಷ್ಟು ಆದೇಶ ನಿಂತಿವೆ, ಹೀಗೆ. ರೋಗಿಯ ಮಂಚದ ಕಾಲಬದಿಗೆ ನೇತುಹಾಕಿದ ಜ್ವರದ ಚೀಟಿ ಇದ್ದಂತೆ ಎಂದು ಗಂಟಕ್ಕ ಹೇಳುತ್ತಿದ್ದಳು. ಒಂದೊಂದು ಸರ್ವರಿನ ಒಂದೊಂದು ದಿನದ ಈ ಬರಹ, ಅಂದರೆ ಲಾಗು, ಮೂರು ಫೈಲುಗಳಾಗಿ ಬರುತ್ತದೆ. ಮೊದಲನೆಯದು ದೊಡ್ಡದು, ಅದರಲ್ಲಿ ಬರೀ ಅಂಕಿ. ಎರಡನೆಯದು ಚಿಕ್ಕದು, ಯಾವ ಅಂಕಿ ಯಾವುದರದ್ದು ಎಂದು ಹೇಳುವಂಥದ್ದು. ಮೂರನೆಯದು ಯಾವ ಹೊತ್ತಿನದು ಎಲ್ಲಿದೆ ಎಂಬ ಪಟ್ಟಿ. ಮೂರೂ ಸೇರಿದರೆ ಗಂಟು. ಪಟ್ಟಿ ಕಳೆದರೆ ಮತ್ತೆ ಮಾಡಿಕೊಳ್ಳಬಹುದು. ಆದರೆ ಎರಡನೆಯದು ಹೋಯಿತೆಂದರೆ ತೊಂಬತ್ತೆಂಟು ಎಂಬುದು ಜ್ವರವೋ ನಾಡಿಯೋ ಯಾರಿಗೂ ಗೊತ್ತಾಗುವುದಿಲ್ಲ. ಗಂಟನ್ನು ಇಡಿಯಾಗಿ ಸಾಗಿಸಲು, ಹೆಸರು ಬದಲಿಸಲು, ಅಳಿಸಲು ಬೇರೆಯೇ ಕಮಾಂಡುಗಳಿವೆ. ಅವಸರದವರು ಅವನ್ನು ಬಿಟ್ಟು ದೊಡ್ಡ ಫೈಲನ್ನಷ್ಟೇ ಎತ್ತಿಕೊಂಡು ಹೋಗುತ್ತಾರೆ. ಆಕೆಯ ಸಿಟ್ಟೆಲ್ಲ ಅವರ ಮೇಲೆ.

ಹದಿನಾಲ್ಕು ದಿನ ದಾಟಿದ ಲಾಗುಗಳನ್ನು ಯಂತ್ರ ತಾನಾಗಿಯೇ ಗುಡಿಸಿ ಹಾಕುತ್ತಿತ್ತು. ಅದು ನಿಯಮ. ಗಂಟಕ್ಕ ಮೇಲಿನವರನ್ನು ಕಾಡಿ ಬೇಡಿ, ಯಾರಿಗೂ ಬೇಡವಾದ ಒಂದು ಹಳೆಯ ಡಿಸ್ಕು ಪಡೆದು, ಗುಡಿಸುವ ಮುಂಚೆ ಪ್ರತಿದಿನದ ಗಂಟುಗಳನ್ನು ಅದಕ್ಕೆ ಸಾಗಿಸುತ್ತಿದ್ದಳು. ಹನ್ನೊಂದು ವರ್ಷ. ಯಾರೂ ಒಂದು ದಿನವೂ ಬಂದು ಅದರಲ್ಲೊಂದನ್ನು ಕೇಳಲಿಲ್ಲ. "ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ" ಎಂದು ನಾನು ಆಕೆಯ ಬಗ್ಗೆ ಊಟದ ಕೋಣೆಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ನನ್ನ ಗಂಡ ಬಡಗಿಯೇ. ಹಾಗಾಗಿ ಆ ಗಾದೆಯ ಮೇಲೆ ನನಗೆ ಹಕ್ಕಿದೆ ಎಂಬ ಜಂಬ ಬೇರೆ.

ಒಂದು ಬೆಳಿಗ್ಗೆ ಹತ್ತು ನಲವತ್ತಕ್ಕೆ ಕರೆ ಬಂತು. ಹೆಂಗಸಿನ ದನಿ. "ನಮ್ಮ ಮಾವ ಬಿದ್ದುಬಿಟ್ರು, ಬಾಯಿ ಒಂದ್ಕಡೆ ಸೊಟ್ಟಗಾಗಿದೆ, ಬೇಗ ಬನ್ನಿ" ಎಂದಳು. ನಾನು ವಿಳಾಸ ಬರೆದುಕೊಂಡೆ. ಆಂಬುಲೆನ್ಸ್ ಹೋಯಿತು, ಆದರೆ ತಡವಾಗಿ. ಆ ಹಿರಿಯರು ಬದುಕಿಕೊಂಡರು. ಬಲಗೈ ಮಾತ್ರ ಮತ್ತೆ ಏಳಲಿಲ್ಲ. ಹತ್ತು ನಿಮಿಷ ಮುಂಚೆ ಬಂದಿದ್ದರೆ ಕೈ ಉಳಿಯುತ್ತಿತ್ತೇನೋ ಎಂದು ವೈದ್ಯರೊಬ್ಬರು ಬಾಯಿಬಿಟ್ಟರಂತೆ. ಸೊಸೆ ದೂರು ಕೊಟ್ಟಳು. ನಾನೂ ಅವಳ ಜಾಗದಲ್ಲಿದ್ದರೆ ಕೊಡುತ್ತಿದ್ದೆ.

ದೂರು ವಿಚಾರಣೆಗೆ ಬರುವಷ್ಟರಲ್ಲಿ ನಲವತ್ತು ದಿನ ಕಳೆದಿತ್ತು. ಕರೆ ಬಂದದ್ದು ಹತ್ತು ನಲವತ್ತಕ್ಕೆ ಎಂದು ಫೋನಿನ ದಾಖಲೆ ಹೇಳಿತು. ಆದೇಶ ಬರೆದುಕೊಂಡದ್ದು ಹತ್ತು ಐವತ್ತೊಂದಕ್ಕೆ ಎಂದು ಸರ್ವರಿನ ದಾಖಲೆ ಹೇಳಿತು. ಕರೆಗೆ ಒಂದು ನಿಮಿಷ ಹಿಡಿದರೂ ನಡುವಿನ ಹತ್ತು ನಿಮಿಷ ಎಲ್ಲಿ ಹೋಯಿತು? ಆ ಹೊತ್ತಿನಲ್ಲಿ ಉಳಿದ ಮೂವರಿಗೆ ಬಂದವು ವಾರ್ಡು ಎಲ್ಲಿ, ಡಾಕ್ಟರು ಯಾವಾಗ ಬರುತ್ತಾರೆ ಎಂಬಂಥ ಕರೆಗಳು. ಗಾಡಿ ಕಳುಹಿಸಬೇಕಾದದ್ದು ನನ್ನದೊಂದೇ. ಸರ್ವರ್ ಕೋಣೆಯ ಮುಖ್ಯಸ್ಥರು "ಯಂತ್ರ ಸರಿಯಾಗೇ ಇತ್ತು, ಯಾವ ಎಚ್ಚರಿಕೇನೂ ಬಂದಿಲ್ಲ. ಲಾಗ್ ನೋಡೋಣ ಅಂದ್ರೆ ಹದಿನಾಲ್ಕು ದಿನ ಆಗಿ ಅಳಿಸಿ ಹೋಗಿದೆ" ಎಂದು ಬರೆದುಕೊಟ್ಟರು. ಪಕ್ಕದ ಮೇಜಿನವಳನ್ನು ಕೇಳಿದಾಗ ಅವಳು ತಲೆ ತಗ್ಗಿಸಿ ಇದ್ದದ್ದನ್ನೇ ಹೇಳಿದಳು: "ಆವಾಗ ಇವರು ಏನೋ ತಮಾಷೆ ಹೇಳ್ತಾ ಇದ್ರು. ನಾವೆಲ್ಲ ನಗ್ತಾ ಇದ್ವಿ."

ಹೌದು. ಹೇಳುತ್ತಿದ್ದೆ. ಗಂಟಕ್ಕನ ಬಗ್ಗೆಯೇ ಹೇಳುತ್ತಿದ್ದೆ, ಅದೇ ಬಡಗಿಯ ಗಾದೆ. ಅರ್ಧಕ್ಕೆ ಕರೆ ಬಂತು, ಕರೆ ಮುಗಿಸಿದೆ, ಉಳಿದರ್ಧ ಹೇಳಿದೆ, ನಕ್ಕೆವು. 'ಕಳುಹಿಸು' ಒತ್ತಿ ಹೇಳಿದೆನೋ, ಹೇಳಿ ಮುಗಿಸಿ ನಗು ನಿಂತ ಮೇಲೆ ಒತ್ತಿದೆನೋ? ಎಷ್ಟು ನೆನಪು ಮಾಡಿಕೊಂಡರೂ ಆ ಒಂದು ಬೆರಳಿನ ಕೆಲಸ ನೆನಪಿಗೆ ಬರಲಿಲ್ಲ. ದಿನಕ್ಕೆ ಅರವತ್ತು ಸಲ ಒತ್ತುವವಳಿಗೆ ಒಂದು ಒತ್ತು ಹೇಗೆ ನೆನಪಿರಬೇಕು? ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ, ಒಬ್ಬ ಮನುಷ್ಯನ ಬಲಗೈಯನ್ನು ನಾನು ಒಂದು ಗಾದೆಗೆ ಬಲಿಕೊಟ್ಟೆನೇ ಎಂಬುದು. ತಟ್ಟೆಯಲ್ಲಿನ ಅನ್ನ ಹಾಗೇ ಎತ್ತಿಟ್ಟೆ. ಗಂಡ ಮರ ಹೆರೆಯುವ ರಂದ ಕೆಳಗಿಟ್ಟು ನನ್ನ ಮುಖ ನೋಡಿದ.

"ಹಳೇ ಲಾಗ್ ಎಲ್ಲ ಕೂಡಿಡ್ತಾರೆ ಅಂತ ಒಬ್ಬರ ಬಗ್ಗೆ ನಗ್ತಿದ್ಯಲ್ಲ, ಅವರನ್ನ ಕೇಳಿದ್ಯಾ?"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಆಗಿತ್ತು ನನ್ನ ಪಾಡು. ಆದರೆ ಯಾವ ಮುಖ ಹೊತ್ತು ಹೋಗಲಿ? ಮಾರನೆಯ ದಿನ ಊಟದ ಹೊತ್ತಿಗೆ ಮೂರನೆಯ ಮಹಡಿ ಹತ್ತಿ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಕೊನೆಗೆ ಅದನ್ನೂ ಹೇಳಿಬಿಟ್ಟೆ.

"ಅವತ್ತು ನಾವು ನಗ್ತಿದ್ದದ್ದು ನಿಮ್ಮ ವಿಷಯಕ್ಕೇ ಅಕ್ಕ."

"ಬಡಗಿ ಗಾದೆ ತಾನೆ?" ಎಂದಳು ಆಕೆ, ಸ್ಕ್ರೀನಿನಿಂದ ಕಣ್ಣು ತೆಗೆಯದೆ. "ಗೊತ್ತು ಬಿಡು. ಗೋಡೆಗೂ ಕಿವಿ ಇರುತ್ತೆ, ಊಟದ ಕೋಣೆಗೆ ನಾಲ್ಕು ಗೋಡೆ ಇದೆ. ತಾರೀಕು ಹೇಳು."

ಹೇಳಿದೆ. ಆಕೆ ಟೈಪು ಮಾಡಿದಳು. ಆ ಬೆರಳುಗಳು ಕೀಬೋರ್ಡಿನ ಮೇಲೆ ಹೂ ಬಿಡಿಸುವವರ ಬೆರಳಿನಂತೆ ಓಡುತ್ತಿದ್ದವು. ಹಳೆಯ ಡಿಸ್ಕಿನಲ್ಲಿದ್ದ ಆ ಸರ್ವರಿನ ಗಂಟುಗಳ ಪಟ್ಟಿ ಸಾಲುಸಾಲಾಗಿ ಮೂಡಿತು. ಪ್ರತಿ ತಾರೀಕಿಗೂ ಮೂರು ಸಾಲು, ಮೂರು ಸಾಲು, ಮೂರು ಸಾಲು. ನನ್ನ ತಾರೀಕಿಗೆ ಒಂದೇ ಸಾಲು. ಗಂಟಕ್ಕ ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿ ಹಾಕಿಕೊಂಡು ಮತ್ತೆ ನೋಡಿದಳು. ಒಂದೇ ಸಾಲು.

ಆಕೆಗೆ ನೆನಪಾಯಿತು. ಆ ಗಂಟನ್ನು ಸಾಗಿಸುವ ದಿನ ಹಳೆಯ ಡಿಸ್ಕಿನಲ್ಲಿ ಜಾಗ ಸಾಲದೆ ಗಂಟಿನ ಕಮಾಂಡು ಅರ್ಧಕ್ಕೇ ನಿಂತಿತ್ತು. ಸರಿ, ಜಾಗ ಮಾಡಿ ದೊಡ್ಡದೊಂದನ್ನು ಮೊದಲು ಸಾಗಿಸೋಣ, ಚಿಕ್ಕವೆರಡನ್ನು ಆಮೇಲೆ ಎಂದು ಮಾಮೂಲಿ ಕಮಾಂಡಿನಿಂದ ಸಾಗಿಸಿದಳು. ಅಷ್ಟರಲ್ಲಿ ಮನೆಯಿಂದ ಫೋನ್. ಎಂಬತ್ತು ದಾಟಿದ ಅತ್ತೆ ಬಚ್ಚಲುಮನೆಗೆ ಹೋದವರು ಒಳಗಿನ ಚಿಲಕ ಸಿಕ್ಕಿಕೊಂಡು ಕೂಗುತ್ತಿದ್ದರು. ಓಡಿದಳು. ಬಾಗಿಲು ಒಡೆಸಿ, ಅತ್ತೆಯನ್ನು ಹೊರಗೆ ತಂದು, ಅವರ ಬೈಗುಳ ತಿಂದು ಮುಗಿಸುವಷ್ಟರಲ್ಲಿ ದಿನ ಕಳೆಯಿತು. ಮರುದಿನ ಹದಿನೈದನೆಯ ದಿನ. ಯಂತ್ರ ಚಿಕ್ಕವೆರಡನ್ನೂ ಗುಡಿಸಿ ಹಾಕಿತ್ತು.

"ಊರಿಗೆಲ್ಲ ಹೇಳಿ ಹೇಳಿ ನಾನೇ ಗಂಟು ಬಿಚ್ಚಿದೆ ನೋಡು" ಎಂದಳು ಗಂಟಕ್ಕ. ದನಿ ಚಿಕ್ಕದಾಗಿತ್ತು. "ಅಂಕಿ ಇದೆ. ಅರ್ಥ ಇಲ್ಲ."

ಆಕೆಗೆ ನಿವೃತ್ತಿಗೆ ಎಂಟು ತಿಂಗಳಿತ್ತು. ಮೂವತ್ತೈದು ವರ್ಷದ ಸೇವೆಯಲ್ಲಿ ಒಂದು ಮೆಮೊ ಇಲ್ಲ. ಅದು ಆಕೆಗೆ ಎಷ್ಟು ದೊಡ್ಡದು ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಒಳಗೊಳಗೇ ಒಂದು ಹೇಡಿತನ ಎದ್ದಿತು. ಆ ಲಾಗಿನಲ್ಲಿ ಏನಿದೆಯೋ, ಯಂತ್ರ ಸರಿಯಿತ್ತು ಎಂದೇ ಬಂದುಬಿಟ್ಟರೆ ಏನು ಗತಿ?

"ಬಿಟ್ಬಿಡಿ ಅಕ್ಕ. ನಿಯಮದ ಪ್ರಕಾರ ಅಳಿಸಿ ಹೋಯ್ತು ಅಂದ್ರಾಯ್ತು. ಯಾರೂ ಕೇಳಲ್ಲ. ನಿಮಗ್ಯಾಕೆ ಈ ಉಸಾಬರಿ" ಎಂದೆ.

"ಇರೋದನ್ನ ಇಲ್ಲ ಅಂತ ಹೇಗೆ ಹೇಳ್ಲಿ? ಊಟ ಮಾಡಿದ್ಯಾ? ಮೊದಲು ಹೋಗಿ ಊಟ ಮಾಡು."

ವಿಚಾರಣೆಯ ದಿನ ಸಭೆಯ ಕೋಣೆಯಲ್ಲಿ ಮೂವರು ಕೂತಿದ್ದರು: ಆಡಳಿತಾಧಿಕಾರಿ ಅಮ್ಮ, ಹಿರಿಯ ವೈದ್ಯರೊಬ್ಬರು, ಸರ್ವರ್ ಕೋಣೆಯ ಮುಖ್ಯಸ್ಥರು. ಗಂಟಕ್ಕ ಸ್ವೆಟರಿನಲ್ಲೇ ಬಂದಳು. ನಿಂತುಕೊಂಡೇ ಹೇಳಿದಳು.

"ಆ ದಿನದ ಲಾಗ್ ಅಳಿಸಿಲ್ಲ ಅಮ್ಮ. ಅಂಕಿಗಳ ಫೈಲು ನನ್ನ ಹತ್ರ ಇದೆ. ಜೊತೆಗಿರಬೇಕಾದ ಚಿಕ್ಕ ಫೈಲು ನನ್ನ ತಪ್ಪಿನಿಂದ ಹೋಯ್ತು. ತಪ್ಪು ನಂದೇ, ಯಂತ್ರದ್ದಲ್ಲ. ಬರೆದುಕೊಡ್ತೀನಿ."

ಮುಖ್ಯಸ್ಥರು ಕುರ್ಚಿಗೆ ಒರಗಿದರು. "ಹಾಗಾದ್ರೆ ಅದು ಇದ್ದೂ ಸತ್ತ ಹಾಗೆ. ಅದನ್ನ ಯಾರೂ ಓದೋಕಾಗಲ್ಲ."

"ಹಿಂದಿನ ದಿನದ ಚಿಕ್ಕ ಫೈಲನ್ನ ಎರವಲು ಹಾಕಿದ್ರೆ ಓದಬಹುದು ಸಾರ್. ಅದೇ ಸರ್ವರು, ಬರೆಯೋ ಕ್ರಮಾನೂ ಅದೇ. ಆದರೆ ಎರಡರ ತಲೆಬರಹ ಹೊಂದಲ್ಲ, ತಾರೀಕು ಬೇರೆ. ಅದನ್ನ ನಾನು ಕೈಯಿಂದ ತಿದ್ದಬೇಕಾಗುತ್ತೆ."

"ದಾಖಲೆ ತಿದ್ತೀನಿ ಅಂತ ನೀವೇ ಹೇಳ್ತಿದ್ದೀರಲ್ಲಮ್ಮ!" ಎಂದರು ವೈದ್ಯರು.

"ತಲೆಬರಹ ತಿದ್ತೀನಿ, ಅಂಕಿ ಮುಟ್ಟಲ್ಲ. ನಂಬಬೇಡಿ, ಪರೀಕ್ಷೆ ಮಾಡಿ. ಗಂಟು ಪೂರ್ತಿ ಇರೋ ದಿನಗಳಲ್ಲಿ ಐದು ನೀವೇ ಆರಿಸಿ. ಅವುಗಳ ಚಿಕ್ಕ ಫೈಲು ಪಕ್ಕಕ್ಕಿಟ್ಟು, ಹಿಂದಿನ ದಿನದ್ದನ್ನ ಹಾಕಿ ಓದಿ ತೋರಿಸ್ತೀನಿ. ಆಮೇಲೆ ಅದರದ್ದೇ ಹಾಕಿ ಓದ್ತೀನಿ. ಒಂದು ಅಂಕಿ ವ್ಯತ್ಯಾಸ ಬಂದ್ರೂ ನನ್ನ ಮಾತು ಬಿಟ್ಬಿಡಿ."

ಆಡಳಿತಾಧಿಕಾರಿ ಅಮ್ಮ ಪೆನ್ನು ತೆಗೆದುಕೊಂಡರು. ಕ್ಯಾಲೆಂಡರು ನೋಡಿ ಐದು ತಾರೀಕು ಬರೆದುಕೊಟ್ಟರು. ಒಂದು ಗಂಟೆ ಹಿಡಿಯಿತು. ಗೋಡೆಯ ಮೇಲಿನ ದೊಡ್ಡ ಸ್ಕ್ರೀನಿನಲ್ಲಿ ಗಂಟಕ್ಕ ಒಂದೊಂದು ಕಮಾಂಡು ಹಾಕುವಾಗಲೂ, ಚಿಕ್ಕ ಮಕ್ಕಳಿಗೆ ಕೈಹಿಡಿದು ರಸ್ತೆ ದಾಟಿಸುವಂತೆ, ಏನು ಮಾಡುತ್ತಿದ್ದೇನೆಂದು ಹೇಳಿ ಮಾಡಿದಳು. ಎರಡೂ ಬಗೆಯಲ್ಲಿ ಓದಿದ್ದನ್ನು ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಹುಡುಕುವ ಕಮಾಂಡು ಹಾಕಿದಳು. ವ್ಯತ್ಯಾಸ ಇಲ್ಲದಿದ್ದರೆ ಆ ಕಮಾಂಡು ಏನೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ಐದು ಸಲವೂ ಸುಮ್ಮನಿತ್ತು. ಮುಖ್ಯಸ್ಥರು ಕೊನೆಯ ಎರಡು ದಿನಕ್ಕೆ ತಾವೇ ಎದ್ದು ಬಂದು ಕೀಬೋರ್ಡು ತೆಗೆದುಕೊಂಡು ಮಾಡಿ ನೋಡಿದರು. ಆಗಲೂ ಸುಮ್ಮನಿತ್ತು.

ಆಮೇಲೆ ನನ್ನ ದಿನ. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಗಂಟಕ್ಕ ಹತ್ತೂವರೆಯಿಂದ ಹನ್ನೊಂದರವರೆಗಿನ ಎರಡೇ ಸಂಗತಿ ಕೇಳಿದಳು: ಡಿಸ್ಕಿನ ಮುಂದೆ ಕಾದ ಹೊತ್ತು, ಸರದಿಯಲ್ಲಿ ನಿಂತ ಆದೇಶಗಳ ಸಂಖ್ಯೆ. ನಿಮಿಷಕ್ಕೊಂದು ಸಾಲು ಮೂಡಿತು. ಹತ್ತು ಮೂವತ್ತೊಂಬತ್ತರವರೆಗೆ ಡಿಸ್ಕು ಹಾಯಾಗಿತ್ತು. ನಲವತ್ತಕ್ಕೆ ಅಂಕಿ ಜಿಗಿಯಿತು, ನಲವತ್ತೊಂದಕ್ಕೆ ಇನ್ನೂ ಮೇಲೆ. ಯಾರೋ ಹಗಲು ಹೊತ್ತಿನಲ್ಲೇ ದೊಡ್ಡದೊಂದು ನಕಲು ಕೆಲಸ ಹಚ್ಚಿದ್ದರು, ಡಿಸ್ಕು ಅದರಲ್ಲೇ ಮುಳುಗಿತ್ತು. ಯಾರು ಎಂದು ಆಮೇಲೆ ತಿಳಿಯಿತು. ಮುಖ್ಯಸ್ಥರ ಮುಖ ನೋಡಿದವರಿಗೆ ಆಗಲೇ ತಿಳಿದಿತ್ತು.

ನಾನು ನೋಡುತ್ತಿದ್ದದ್ದು ಪ್ರತಿ ಸಾಲಿನ ಎರಡನೆಯ ಅಂಕಿ, ಸರದಿಯಲ್ಲಿ ನಿಂತ ಆದೇಶಗಳದ್ದು. ನಲವತ್ತು, ಸೊನ್ನೆ. ನಲವತ್ತೊಂದು, ಸೊನ್ನೆ. ನಲವತ್ತೆರಡು, ಒಂದು. ಅಲ್ಲಿಂದ ಕೆಳಗೆ ಒಂದು, ಒಂದು, ಒಂದು. ಹತ್ತು ಐವತ್ತೊಂದಕ್ಕೆ ಮತ್ತೆ ಸೊನ್ನೆ.

"ಆ ಒಂದು ಯಾವುದು?" ಎಂದು ಕೇಳಿದರು ವೈದ್ಯರು.

"ಇವಳು ಕಳಿಸಿದ ಆದೇಶ ಸಾರ್" ಎಂದಳು ಗಂಟಕ್ಕ. "ನಲವತ್ತೆರಡಕ್ಕೇ ಬಂದು ಸರದೀಲಿ ನಿಂತಿದೆ. ಯಂತ್ರ ಬರೆದುಕೊಂಡಿದ್ದು ಐವತ್ತೊಂದಕ್ಕೆ."

ನನಗೆ ಅಳು ಬಂತು. ತಡೆಯಲು ಹೋಗಿ ಬಿಕ್ಕಳಿಕೆಯಾಗಿ, ಆಡಳಿತಾಧಿಕಾರಿ ಅಮ್ಮ ತಮ್ಮ ನೀರಿನ ಲೋಟವನ್ನೇ ನನ್ನ ಕಡೆ ತಳ್ಳಿದರು.

ನನ್ನನ್ನು ಆರೋಪದಿಂದ ಬಿಟ್ಟರು. ಆಸ್ಪತ್ರೆ ಆ ಹಿರಿಯರ ಮನೆಗೆ ತಪ್ಪು ಯಂತ್ರದ ಕಡೆಯಿಂದಾದದ್ದು ಎಂದು ಬರೆದು ಕ್ಷಮೆ ಕೇಳಿತು, ಚಿಕಿತ್ಸೆಯನ್ನು ಕೊನೆಯವರೆಗೂ ತಾನೇ ನೋಡಿಕೊಳ್ಳುವುದಾಗಿ ಒಪ್ಪಿತು. ನಾನೂ ಹೋಗಿ ಅವರನ್ನು ನೋಡಿಕೊಂಡು ಬಂದೆ. ಸೊಸೆ ಕೂತ್ಕೊಳ್ಳಿ ಎಂದಳು, ಹಿರಿಯರು ಎಡಗೈ ಚಾಚಿದರು. ಇನ್ನು ಮುಂದೆ ಚಾಲಕರ ಕೋಣೆಯ ಗಂಟೆ ನಮ್ಮ ಕೋಣೆಯಲ್ಲೂ ಕೇಳಿಸಬೇಕೆಂದು ಆಡಳಿತಾಧಿಕಾರಿ ಅಮ್ಮ ಆದೇಶ ಮಾಡಿದರು. ಗಂಟಕ್ಕನಿಗೂ ಒಂದು ಕಾಗದ ಬಂತು. ಸುಪರ್ದಿಯಲ್ಲಿದ್ದ ದಾಖಲೆಯ ಭಾಗವನ್ನು ಅಜಾಗರೂಕತೆಯಿಂದ ಕಳೆದದ್ದಕ್ಕೆ ಮೆಮೊ. ತಾನೇ ಬರೆದುಕೊಟ್ಟ ತಪ್ಪಿಗೆ ನಿಯಮ ಬಿಡುವ ಹಾಗಿರಲಿಲ್ಲವಂತೆ.

ನಾನು ಮೇಲೆ ಹೋದಾಗ ಆಕೆ ಆ ಮೆಮೊ ತಲುಪಿದ್ದಕ್ಕೆ ಸಹಿ ಹಾಕುತ್ತಿದ್ದಳು. ನಾನು ಆಕೆಯ ಎರಡು ಕೈಯನ್ನೂ ಹಿಡಿದುಕೊಂಡೆ. ಇಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಮಾತೇ ಬರುವುದಿಲ್ಲ, ತಮಾಷೆಗಾದರೆ ನೂರು ಬರುತ್ತವೆ.

"ನನ್ನಿಂದಾಗಿ ನಿಮಗೆ ಈ ಕಾಗದ ಬಂತಲ್ಲ ಅಕ್ಕ."

"ನಿನ್ನಿಂದ ಅಲ್ಲ, ನಮ್ಮತ್ತೆ ಚಿಲಕದಿಂದ" ಎಂದಳು. ಆ ಗಂಟುಮೋರೆಯ ಮೇಲೆ ನಗು ಬಂದದ್ದನ್ನು ನಾನು ಮೊದಲ ಸಲ ನೋಡಿದೆ.

ಒಂದು ಮಾತು ಕೇಳಬೇಕೆಂದು ಬೆಳಗಿನಿಂದ ತಡೆದುಕೊಂಡಿದ್ದೆ. ಕೇಳಿದೆ. "ನೀವು ಮೊದಲೇ ಒಂದ್ಸಲ ತೆಗೆದು ನೋಡಿದ್ರಿ ಅಲ್ವಾ? ನಾನು ಒತ್ತಿದ್ದೆ ಅಂತ ಗೊತ್ತಾದ ಮೇಲೆ ತಾನೆ ಅವರ ಮುಂದೆ ಹೋಗಿದ್ದು?"

"ಇಲ್ಲ."

"ಒಂದ್ಸಲಾನೂ ನೋಡ್ಲಿಲ್ವಾ?"

"ನೋಡಿದ್ರೆ ಆಮೇಲೆ ಆಡೋ ಮಾತಿಗೆ ಬೆಲೆ ಏನಿರುತ್ತೆ? ಅವಳ ಪರ ಇದೆ ಅಂತ ತಂದ್ಲು ಅಂತಾರೆ. ನಾನೇ ಹಾಗೆ ಅಂದ್ಕೊಳ್ತಿದ್ದೆ."

"ಪೂರ್ತಿ ಸೊನ್ನೆಗಳೇ ಬಂದಿದ್ರೆ?"

"ಸೊನ್ನೆ ಅಂತಾನೇ ಓದ್ತಿದ್ದೆ" ಎಂದಳು ಗಂಟಕ್ಕ. "ಆದರೆ ನಾಲ್ಕು ದಿನ ನಿದ್ದೆ ಮಾಡ್ಲಿಲ್ಲ" ಎಂದು ಸೇರಿಸಿದಳು.

ನಾನು ಮೆಟ್ಟಿಲಿಳಿದು ಬಂದೆ. ಆಕೆ ಮೊದಲೇ ನೋಡಿದ್ದರೆ, ಕರುಣೆಯಿಂದ ನನ್ನನ್ನು ಉಳಿಸಿದಳು ಎಂದು ಆಕೆಗೆ ಕೈಮುಗಿಯುತ್ತಿದ್ದೆ. ಜೊತೆಗೆ ಬದುಕಿರುವವರೆಗೂ ಒಂದು ಹುಳು ಒಳಗೆ ಕೊರೆಯುತ್ತಿತ್ತು. ಈಗ ಆ ಹುಳುವಿಲ್ಲ. ನನ್ನ ಬಗ್ಗೆ ನನಗೇ ಗೊತ್ತಿರದಿದ್ದ ಒಂದು ಸಂಗತಿಯನ್ನು, ನಾನು ನಕ್ಕು ಆಡಿಕೊಂಡಿದ್ದ ಹೆಂಗಸು ತನ್ನ ಮೂವತ್ತೈದು ವರ್ಷದ ಹೆಸರನ್ನು ಕೊಟ್ಟು ನನಗೆ ತಿಳಿಸಿಕೊಟ್ಟಳು. ಆ ಕರೆ ಬಂದಾಗ ನಾನು ಮೊದಲು ಒತ್ತಿದೆ, ಆಮೇಲೆ ನಕ್ಕೆ.